ಹಂಡೆಯ ಹೆಸರಿನವಳು

ಹೆಣ್ಣುಮಕ್ಕಳಿಗೆ ನದಿಯ ಹೆಸರಿಡುವುದು ನಮಗೆ ಹೊಸತಲ್ಲ. ಗಂಗಾ, ತುಂಗಾ, ಕಾವೇರಿಯರು ಬೀದಿಗೊಬ್ಬರಾದರೂ ಇದ್ದೇ ಇರುತ್ತಾರೆ. ಐಸ್‌ಲ್ಯಾಂಡಿನಲ್ಲಿ ಮಗಳಿಗೂ ಜ್ವಾಲಾಮುಖಿಗೂ ಒಂದೇ ಹೆಸರು ನೋಡಿ: ಕಟ್ಲಾ. ಅದರ ಮೂಲ ಹುಡುಕಿದರೆ ಸಿಗುವ ಅರ್ಥ ಹಂಡೆ! ಬೆಳಗಿನ ಜಾವ ಎದ್ದು ಬಚ್ಚಲೊಲೆಗೆ ಉರಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕಟ್ಲಾ ಆ ದೇಶದ ದಕ್ಷಿಣದಲ್ಲಿ, ದಪ್ಪನೆಯ ಹಿಮದ ಹೊದಿಕೆಯಡಿ ಮಲಗಿದ್ದಾಳೆ. ಎದ್ದರೆ ಬೆಂಕಿಗಿಂತ ನೀರಿನದೇ ಭಯ. ಹಿಮ ಕರಗಿ, ಮಂಜುಗಡ್ಡೆಯ ಬಂಡೆಗಳನ್ನು ಹೊತ್ತು ಪ್ರವಾಹ ಕಡಲಿಗೆ ನುಗ್ಗುತ್ತದೆ. 1918ರ ಅಕ್ಟೋಬರ್ 12ರಂದು ಹಾಗೆ ಉಕ್ಕಿದ ಮೇಲೆ ಅಷ್ಟು ದೊಡ್ಡದಾಗಿ ಮತ್ತೆ ಉಕ್ಕಿಲ್ಲ.

ಅಲ್ಲಿನ ಜನಪದ ಕಥೆಯೊಂದಿದೆ. ಕಟ್ಲಾ ಒಂದು ಮಠದಲ್ಲಿ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಹೆಂಗಸು. ಅವಳ ಹತ್ತಿರ ಮಾಯದ ಚಲ್ಲಣವೊಂದಿತ್ತು. ತೊಟ್ಟು ಎಷ್ಟು ಓಡಿದರೂ ದಣಿವಿಲ್ಲ. (ಅಂಥದ್ದು ನಮಗೂ ಒಂದಿದ್ದರೆ!) ಕುರಿ ಕಾಯುವವನು ಕೇಳದೆ ಅದನ್ನು ತೊಟ್ಟುಕೊಂಡ. ಸಿಟ್ಟಿಗೆದ್ದ ಅವಳು ಅವನನ್ನು ಹಾಲೊಡೆದ ಹುಳಿನೀರಿನ ದೊಡ್ಡ ಪೀಪಾಯಿಯಲ್ಲಿ ಮುಳುಗಿಸಿ ಕೊಂದಳು. ಚಳಿಗಾಲವಿಡೀ ಜನ ಅದರಿಂದಲೇ ಹುಳಿನೀರು ಮೊಗೆಯುತ್ತಿದ್ದರು. ದಿನದಿನಕ್ಕೂ ನೀರು ತಗ್ಗುತ್ತಿತ್ತು. ಇನ್ನೇನು ಹೆಣ ಕಾಣಿಸಿಕೊಳ್ಳುತ್ತದೆ ಎನ್ನುವಾಗ ಅವಳು ಆ ಚಲ್ಲಣ ತೊಟ್ಟು ಓಡಿಹೋಗಿ ಹಿಮದ ಬಿರುಕಿಗೆ ಹಾರಿದಳು. ಹಿಂದೆಯೇ ಪ್ರವಾಹ ಬಂತು. ಕೊಲೆಗಿಂತಲೂ ಆ ತಗ್ಗುವ ನೀರೇ ನನ್ನನ್ನು ಕಾಡುತ್ತದೆ.

ಇದೇ ಹೆಸರಿಟ್ಟುಕೊಂಡ ಇಬ್ಬರು ಗಂಡಸರು, ಗುಡ್ಮುಂಡುರ್ ಓಲಿ ಪಾಲ್ಮಾಸನ್ ಮತ್ತು ಐನಾರ್ ಥೋರ್‌ಬರ್ಗ್ ಗುಡ್ಮುಂಡ್ಸನ್, 2017ರಲ್ಲಿ ತಮ್ಮ ಮೊದಲ ಆಲ್ಬಂ ತಂದರು. ಕಾಲೇಜಿಗೆ ಹೋಗುವ ಮಗಳು ಅದನ್ನು ನನ್ನ ಕಿವಿಗೆ ಹಚ್ಚಿದಳು. ಇಬ್ಬರೂ ಬ್ಲಾಕ್ ಮೆಟಲ್ ಎಂಬ ಸಂಗೀತದಿಂದ ಬಂದವರು. ಅದರಲ್ಲಿ ಡ್ರಮ್ಮು ಕಲ್ಲುಮಳೆಯ ಹಾಗೆ ಸುರಿಯುತ್ತದೆ, ಗಾಯಕ ಹಾಡುವ ಬದಲು ಚೀರುತ್ತಾನೆ. ಇವರದು ಅದಕ್ಕಿಂತ ನಿಧಾನ. ಗಿಟಾರು ಮಂಜಿನಂತೆ ಹಬ್ಬಿ, ಅದರೊಳಗಿಂದ ಆಗಾಗ ಗುಡುಗು ಏಳುತ್ತದೆ. ಮೊದಲ ಹಾಡಿನ ಹೆಸರು ‘ಆಸ್ಕಾ’, ಅಂದರೆ ಬೂದಿ. ಆಲ್ಬಮ್ಮಿನ ಹೆಸರು ‘ಮೋದುರೌಸ್ತಿನ್’. ತಾಯಿಯ ಪ್ರೀತಿ!

ತಾಯಿಯ ಪ್ರೀತಿ ಎಂದರೆ ನಮ್ಮಲ್ಲಿ ಜೋಗುಳ, ಹಾಲು, ಸೆರಗು. ಇಲ್ಲಿ ಕೊನೆಯದಾಗಿ ಬರುವ ಉದ್ದನೆಯ ಹಾಡಿನ ಹೆಸರು ‘ದುಲ್ಸ್‌ಮೌಲ್’. ಬಸಿರನ್ನು ಮುಚ್ಚಿಟ್ಟು ಹೆತ್ತು, ಕೂಸು ಸತ್ತ ಪ್ರಕರಣಗಳನ್ನು ಅಲ್ಲಿನ ನ್ಯಾಯಾಲಯಗಳು ಕರೆಯುತ್ತಿದ್ದ ಹೆಸರು ಅದು. 1564ರಲ್ಲಿ ಬಂದ ಕಠಿಣ ಕಾನೂನಿನ ನಂತರದ ಕಾಲದಲ್ಲಿ, ಇಂಥ ಅಪರಾಧ ಹೊತ್ತ ಹೆಂಗಸರನ್ನು ಥಿಂಗ್‌ವೆಟ್ಲಿರ್ ಎಂಬಲ್ಲಿ ಹೊಳೆಯ ಮಡುವಿನಲ್ಲಿ ಮುಳುಗಿಸುತ್ತಿದ್ದರು. ಹದಿನೆಂಟು ಮಂದಿಯ ಲೆಕ್ಕ ಸಿಕ್ಕಿದೆ. ಮಡುವಿಗೆ ‘ಮುಳುಗಿಸುವ ಮಡು’ ಎಂದೇ ಹೆಸರು.

ನನ್ನ ತವರಿನ ಹಿತ್ತಿಲಾಚೆ ಒಂದು ಬಾವಿಯಿತ್ತು. ತುಂಬು ನೀರು. ಆದರೂ ಯಾರೂ ಸೇದುತ್ತಿರಲಿಲ್ಲ. ಯಾಕಜ್ಜೀ ಎಂದರೆ, “ಹೋಗು, ದೀಪ ಹಚ್ಚು” ಎಂದು ನನ್ನನ್ನು ಒಳಗೆ ಅಟ್ಟುತ್ತಿದ್ದಳು. ಒಮ್ಮೆ ಮಾತ್ರ, ಬತ್ತಿ ಹೊಸೆಯುತ್ತಾ, “ಪಾಪ, ಹದಿನಾರೂ ತುಂಬಿರಲಿಲ್ಲ” ಎಂದಳು. ಹೆಸರು ಹೇಳಲಿಲ್ಲ.

ಈ ಹಾಡನ್ನು ನಾನು ಅಡುಗೆ ಮಾಡುತ್ತಾ ಕೇಳಲಾರೆ. ಕೂತು ಕೇಳುತ್ತೇನೆ. ಗಂಡಸೊಬ್ಬ ನನಗೆ ತಿಳಿಯದ ಭಾಷೆಯಲ್ಲಿ ಗಂಟಲು ಹರಿಯುವಂತೆ ಕೂಗುತ್ತಾನೆ. “ಇದು ನಿಂಗೆ ಕರ್ಕಶ ಅನ್ನಿಸಲ್ವಾ ಅಮ್ಮ?” ಎಂದಳು ಮಗಳು. “ಇದನ್ನ ಇನ್ನು ಹೇಗೆ ಹಾಡಬೇಕೇ?” ಎಂದೆ.