ಮೇ ತಿಂಗಳ ಪಟ್ಟಿ

ಇಂಗ್ಲೆಂಡಿನ ಫುಟ್‌ಬಾಲ್ ಎಂದರೆ ನಮ್ಮ ಕಡೆಯವರಿಗೆ ಪ್ರೀಮಿಯರ್ ಲೀಗ್. ಅದರಲ್ಲಿರುವುದು 20 ಕ್ಲಬ್. ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ. ಎಲ್ಲ ಸೇರಿ 92. ಅಲ್ಲಿಗೂ ಮುಗಿಯುವುದಿಲ್ಲ. ಅದರ ಕೆಳಗೆ ನ್ಯಾಷನಲ್ ಲೀಗ್, ಅದರ ಕೆಳಗೆ ನಾರ್ತ್ ಮತ್ತು ಸೌತ್ ವಿಭಾಗಗಳು, ಇನ್ನೂ ಕೆಳಗೆ ಸದರ್ನ್, ಇಸ್ತ್ಮಿಯನ್, ನಾರ್ದರ್ನ್ ಪ್ರೀಮಿಯರ್ ಲೀಗ್‌ಗಳು. ನಾನು ಹೆಚ್ಚಾಗಿ ಆಡಿದ್ದು ಈ ಕೆಳಗಿನ ಮೆಟ್ಟಿಲುಗಳಲ್ಲಿ. ಲೆಫ್ಟ್ ಬ್ಯಾಕ್ ಆಗಿದ್ದೆ. ಎಲ್ಲೂ ಎರಡು ವರ್ಷಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಬೆಂಗಳೂರಿನ ಕೆಲವು ತಂದೆತಾಯಿಗಳು ಈಚೆಗೆ ಫೋನ್ ಮಾಡಿ ಅಲ್ಲಿನ ವಿಷಯ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಬೆಂಗಳೂರಿನ ಆಸ್ಟಿನ್ ಟೌನಿನಲ್ಲಿ. ಅಲ್ಲಿ ಹುಡುಗರು ನಡೆಯಲು ಕಲಿತ ಮೇಲೆ ಚೆಂಡು ಒದೆಯಲು ಕಲಿಯುತ್ತಾರೆ. 1999ರಲ್ಲಿ ಭಾರತದ ಆಟಗಾರ ಬೈಚುಂಗ್ ಭುಟಿಯಾ ಮ್ಯಾಂಚೆಸ್ಟರ್ ಹತ್ತಿರದ ಬರಿ ಎಫ್‌ಸಿ ಸೇರಿದಾಗ ಅಪ್ಪ ಪತ್ರಿಕೆಯಲ್ಲಿ ಬಂದ ಚಿತ್ರವನ್ನು ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿದ್ದರು. ಅಮ್ಮ ನರ್ಸು. 2001ರಲ್ಲಿ ಅವರಿಗೆ ಇಂಗ್ಲೆಂಡಿನಲ್ಲಿ ಕೆಲಸ ಸಿಕ್ಕಿತು. ನಾವು ಲೆಸ್ಟರ್‌ಗೆ ಹೋದೆವು. ಅಪ್ಪ ಅಲ್ಲಿ ಗೋದಾಮಿನಲ್ಲಿ ಕೆಲಸಕ್ಕೆ ಸೇರಿದರು. ನನಗೆ ಆಗ ಒಂಬತ್ತು ವರ್ಷ.

2008ರಲ್ಲಿ, ಹದಿನಾರು ತುಂಬಿದಾಗ, ಲೀಗ್ ಟೂ ಕ್ಲಬ್ಬೊಂದು ನನ್ನನ್ನು ಎರಡು ವರ್ಷದ ತರಬೇತಿಗೆ ತೆಗೆದುಕೊಂಡಿತು. ಬೆಳಿಗ್ಗೆ ಅಭ್ಯಾಸ, ಮಧ್ಯಾಹ್ನ ಸ್ವಲ್ಪ ಓದು, ನಡುವೆ ಕಿಟ್ ಹೊರುವುದು, ಚೆಂಡಿಗೆ ಗಾಳಿ ತುಂಬುವುದು. ಕ್ಲಬ್ ಹೇಳಿದ ಮನೆಯಲ್ಲಿ ಬಾಡಿಗೆ ಕೋಣೆ. ಮನೆಯೊಡತಿ ವಯಸ್ಸಾದ ಹೆಂಗಸು. ನಾನು ಮಲಗಿದ ಮೇಲೆ ಒದ್ದೆ ಬೂಟಿನೊಳಗೆ ಹಳೆಯ ಪತ್ರಿಕೆ ತುರುಕಿ ಹೀಟರ್ ಪಕ್ಕ ಇಡುತ್ತಿದ್ದರು. ಬೆಳಿಗ್ಗೆ ಬೂಟು ಒಣಗಿರುತ್ತಿತ್ತು. ಅವರು ಈ ವಿಷಯ ಒಮ್ಮೆಯೂ ಮಾತಾಡಿದವರಲ್ಲ.

ಅಲ್ಲಿ ವರ್ಷ ಜನವರಿಯಲ್ಲಿ ಶುರುವಾಗುವುದಿಲ್ಲ. ಆಟಗಾರನ ವರ್ಷ ಮುಗಿಯುವುದು ಜೂನ್ 30ಕ್ಕೆ, ಹೆಚ್ಚಿನ ಒಪ್ಪಂದಗಳು ಮುಗಿಯುವ ದಿನ. ಯಾರನ್ನು ಉಳಿಸಿಕೊಳ್ಳುತ್ತೇವೆ, ಯಾರನ್ನು ಬಿಡುತ್ತೇವೆ ಎಂಬ ಪಟ್ಟಿಯನ್ನು ಕ್ಲಬ್ಬುಗಳು ಮೇ ತಿಂಗಳಲ್ಲಿ ಹಾಕುತ್ತವೆ. 2010ರ ಮೇನಲ್ಲಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಮ್ಯಾನೇಜರ್ ಕೋಣೆಗೆ ಕರೆದರು. ಹೊರಗೆ ಬೆಂಚಿನ ಮೇಲೆ ಸಾಲಾಗಿ ಕೂತಿದ್ದೆವು. ಹೊರಬಂದವನ ಮುಖ ನೋಡಿದರೆ ಉತ್ತರ ತಿಳಿಯುತ್ತಿತ್ತು. ನನ್ನ ಸರದಿ ಎರಡು ನಿಮಿಷದಲ್ಲಿ ಮುಗಿಯಿತು. ಒಳ್ಳೆಯ ಹುಡುಗ, ಆದರೆ ಮೈಕಟ್ಟು ಸಾಲದು ಎಂದರು. ಕೈಕುಲುಕಿದರು. ಆ ವರ್ಷ ನಮ್ಮಲ್ಲಿ ಹೆಚ್ಚಿನವರು ಹಾಗೆಯೇ ಹೊರಬಂದರು.

ಹೀಗೆ ಕೈಬಿಟ್ಟ ಹುಡುಗರಿಗಾಗಿ ಒಂದು ಟ್ರಯಲ್ ನಡೆಯುತ್ತದೆ. ಬೇರೆ ಬೇರೆ ಕ್ಲಬ್ಬಿನವರನ್ನು ಬೆರೆಸಿ ತಂಡ ಮಾಡುತ್ತಾರೆ. ಎದೆಯ ಮೇಲೆ ನಂಬರ್ ಇರುತ್ತದೆ, ಹೆಸರಿಲ್ಲ. ಮೈದಾನದ ಅಂಚಿನಲ್ಲಿ ಸಣ್ಣ ಕ್ಲಬ್ಬುಗಳ ಸ್ಕೌಟ್‌ಗಳು ಕಾಗದ ಹಿಡಿದು ನಿಂತಿರುತ್ತಾರೆ. ಎಲ್ಲ ಹುಡುಗರಿಗೂ ಕಾಣಿಸಿಕೊಳ್ಳುವ ಆತುರ. ಯಾರೂ ಪಾಸ್ ಕೊಡುವುದಿಲ್ಲ. ಹಿಂದೆ ನಿಲ್ಲುವ ನನ್ನಂಥವನ ಕಾಲಿಗೆ ಚೆಂಡು ಬರುವುದೇ ಅಪರೂಪ. ಆದರೂ ಒಬ್ಬರು ಮನೆಯ ಫೋನ್ ನಂಬರ್ ಬರೆದುಕೊಂಡರು.

ಅಲ್ಲಿಂದ ಮುಂದೆ ಹಲವು ಊರು. ಆರನೇ ಮೆಟ್ಟಿಲಿನಲ್ಲಿ, ಆಗ ಅದರ ಹೆಸರು ಕಾನ್ಫರೆನ್ಸ್ ನಾರ್ತ್, ಮಂಗಳವಾರ ಮತ್ತು ಗುರುವಾರ ಸಂಜೆ ಅಭ್ಯಾಸ, ಶನಿವಾರ ಮೂರು ಗಂಟೆಗೆ ಪಂದ್ಯ. ಹಗಲು ಎಲ್ಲರಿಗೂ ಬೇರೆ ಕೆಲಸ. ನಮ್ಮ ಗೋಲ್‌ಕೀಪರ್ ಪ್ಲಂಬರ್, ನಾಯಕ ಶಾಲಾ ಮೇಷ್ಟ್ರು. ನಾನು ಅಪ್ಪನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದೆ. ನಾಲ್ವರು ಒಂದು ಕಾರಿನಲ್ಲಿ, ಪೆಟ್ರೋಲಿನ ದುಡ್ಡು ಹಂಚಿಕೊಂಡು ಹೋಗುತ್ತಿದ್ದೆವು. ಮಂಗಳವಾರ ರಾತ್ರಿ ಪಂದ್ಯವಿದ್ದರೆ ಮನೆ ಮುಟ್ಟುವಾಗ ಒಂದು ಗಂಟೆ. ಆರಕ್ಕೆ ಗೋದಾಮು. ಈ ದಣಿವಿನ ಬಗ್ಗೆ ನನಗೆ ದೂರಿಲ್ಲ. ಆಡುವ ಆಸೆ ಇತ್ತು, ಆಡಿದೆ.

ಅಲ್ಲಿ ಹಲವರು ಆಡುವುದು ಒಪ್ಪಂದವೇ ಇಲ್ಲದೆ. ಆಡಿದ ವಾರಕ್ಕೆ ದುಡ್ಡು. ಬೇರೆ ಕ್ಲಬ್ಬಿಗೆ ನೀನು ಬೇಕಾದರೆ ಏಳು ದಿನದ ನೋಟಿಸ್ ಸಾಕು. ನೀನು ಬೇಡವೆನಿಸಿದರೆ ಅದೂ ಬೇಕಿಲ್ಲ, ಒಂದು ಫೋನ್ ಸಾಕು. ಬೇಸಿಗೆಯಲ್ಲಿ ಏನೂ ಬರುವುದಿಲ್ಲ.

2013ರಲ್ಲಿ ಒಂದು ಲೀಗ್ ಟೂ ಕ್ಲಬ್ ತಿಂಗಳ ಲೆಕ್ಕದಲ್ಲಿ ಕರೆಯಿತು. ಬದಲಿ ಆಟಗಾರನಾಗಿ ಕೆಲವು ಪಂದ್ಯ ಆಡಿದೆ. ಅಲ್ಲಿ ನಿವೃತ್ತಿಗೆ ಹತ್ತಿರವಾದ ಡಿಫೆಂಡರ್ ಒಬ್ಬರಿದ್ದರು. 2002ರ ಕಥೆ ಹೇಳುತ್ತಿದ್ದರು. ಪಂದ್ಯಗಳ ಪ್ರಸಾರಕ್ಕೆ 31.5 ಕೋಟಿ ಪೌಂಡ್ ಒಪ್ಪಿಕೊಂಡಿದ್ದ ಐಟಿವಿ ಡಿಜಿಟಲ್ ಆ ವರ್ಷ ಮುಳುಗಿತು. ಬರದ ದುಡ್ಡನ್ನು ನಂಬಿ ಕ್ಲಬ್ಬುಗಳು ಸಂಬಳ ಗೊತ್ತುಮಾಡಿದ್ದವು. ಆ ಬೇಸಿಗೆ ನೂರಾರು ಆಟಗಾರರು ಬೀದಿಗೆ ಬಿದ್ದರು. ಆ ಡಿಫೆಂಡರ್ ಕೂಡ ಅವರಲ್ಲಿ ಒಬ್ಬರು. "ಮೇ ಬರುವ ಮೊದಲೇ ಏನಾದರೂ ಕೆಲಸ ಕಲಿತುಕೋ" ಎಂದಿದ್ದರು. ನನ್ನನ್ನು ಮೇ ಬರುವ ಮೊದಲೇ ಬಿಟ್ಟರು.

ಒಂದು ಶನಿವಾರದ ಬಗ್ಗೆ ಹೇಳಬೇಕು. ಊರಿನ ಹೆಸರು ಬೇಡ. ಮೂವತ್ತು ಸಾವಿರ ಜನರ ಕೂಗು ಒಂದೇ ಗದ್ದಲವಾಗಿ ಕೇಳುತ್ತದಂತೆ. ಮುನ್ನೂರು ಜನರಿದ್ದರೆ ಒಬ್ಬೊಬ್ಬನ ದನಿಯೂ ಬೇರೆ ಬೇರೆ ಕೇಳುತ್ತದೆ. ಲೆಫ್ಟ್ ಬ್ಯಾಕ್ ನಿಲ್ಲುವುದು ಗೆರೆಯ ಪಕ್ಕ. ಬೇಲಿಯ ಆಚೆ ನಿಂತವನಿಗೂ ನನಗೂ ಮೂರು ಗಜ ಅಂತರ. ಅರ್ಧ ಪಂದ್ಯ ಪೂರ್ತಿ ಅವನು ನನ್ನ ಬಣ್ಣದ ಬಗ್ಗೆ, ಅಮ್ಮನ ಬಗ್ಗೆ ಮಾತಾಡಿದ. ಪಕ್ಕದಲ್ಲಿದ್ದವರು ಸುಮ್ಮನಿದ್ದರು. ನನಗೆ ಭಯವಾಗಲಿಲ್ಲ, ಹೊಟ್ಟೆ ತೊಳಸಿದಂತಾಯಿತು. ನಮ್ಮ ನಾಯಕ, ಆ ಮೇಷ್ಟ್ರು, ನನ್ನ ಬಳಿ ಏನೂ ಕೇಳಲಿಲ್ಲ. ಆ ಬದಿಯ ಥ್ರೋ‑ಇನ್‌ಗಳನ್ನೆಲ್ಲ ತಾನೇ ಬಂದು ಎಸೆದ. ಪ್ರತಿ ಸಲ ಆ ಬೇಲಿಯಾಚೆಯವನಿಗೂ ನನಗೂ ನಡುವೆ ನಿಂತ. ರೆಫರಿ ವರದಿ ಬರೆದುಕೊಂಡರು. ಮುಂದೆ ಏನಾಯಿತೋ ನನಗೆ ಯಾರೂ ತಿಳಿಸಲಿಲ್ಲ.

2016ರ ಜನವರಿ. ಮಂಗಳವಾರ ರಾತ್ರಿ. ಮೈದಾನ ಮೇಲೆ ಗಟ್ಟಿ, ಒಳಗೆ ಕೆಸರು. ಎದುರಾಳಿ ವಿಂಗರ್ ಒಳಕ್ಕೆ ತಿರುಗಿದ. ನಾನೂ ತಿರುಗಿದೆ. ಎಡ ಬೂಟಿನ ಸ್ಟಡ್ ನೆಲದಲ್ಲಿ ಕಚ್ಚಿಕೊಂಡಿತು. ಮೈ ತಿರುಗಿತು, ಕಾಲು ತಿರುಗಲಿಲ್ಲ. ಮಂಡಿಯೊಳಗೆ ಟಪ್ ಎಂದಿತು. ಆ ವಿಂಗರ್‌ಗೂ ಕೇಳಿಸಿತ್ತು. ಅವನು ಚೆಂಡು ಬಿಟ್ಟು ನಿಂತು ಕೈ ಎತ್ತಿದ.

ನೋವು ಕೆಲವು ಕ್ಷಣ ತಡೆಯಲಾರದಷ್ಟಿತ್ತು, ಆಮೇಲೆ ಇಳಿಯಿತು. ಎದ್ದು ನಿಂತೆ. ಎರಡು ಹೆಜ್ಜೆ ಇಟ್ಟೆ. ಮಂಡಿ ಪಕ್ಕಕ್ಕೆ ಜಾರಿತು. ಆಗ ಗೊತ್ತಾಯಿತು. ಐಸ್ ಕಟ್ಟಿದರು. ಗೋಲ್‌ಕೀಪರ್ ಪಂದ್ಯ ಮುಗಿದ ಮೇಲೆ ಸ್ನಾನವನ್ನೂ ಮಾಡದೆ ನನ್ನನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಮನೆಗೆ ಕರೆತಂದ. ದಾರಿಯುದ್ದಕ್ಕೂ ನಾವಿಬ್ಬರೂ ಮಾತಾಡಲಿಲ್ಲ. ಬೆಳಿಗ್ಗೆ ಪ್ಯಾಂಟ್ ಮಂಡಿ ದಾಟಿ ಏರಲಿಲ್ಲ. ಅಮ್ಮ ಕತ್ತರಿ ತಂದು ಅದನ್ನು ಕತ್ತರಿಸಿದರು.

ಡಾಕ್ಟರ್ ನನ್ನ ಮಂಡಿ ಸ್ವಲ್ಪ ಮಡಿಸಿ, ಮಂಡಿಯ ಕೆಳಗಿನ ಕಾಲನ್ನು ಮುಂದಕ್ಕೆ ಎಳೆದು ನೋಡಿದರು. ಬಲಗಾಲಿನಲ್ಲಿ ಎಳೆದದ್ದು ಒಂದು ಕಡೆ ಹಿಡಿದು ನಿಂತಿತು. ಎಡಗಾಲಿನಲ್ಲಿ ನಿಲ್ಲಲಿಲ್ಲ, ಬರುತ್ತಲೇ ಹೋಯಿತು. ಎಸಿಎಲ್ ಎಂಬ ಮಂಡಿಯ ಲಿಗಮೆಂಟ್ ಪೂರ್ತಿ ಹರಿದಿದೆ ಎಂದರು. ದೊಡ್ಡ ಕ್ಲಬ್ಬಿನ ಆಟಗಾರನಿಗೆ ಸ್ಕ್ಯಾನ್ ಬೇಗನೆ ಆಗುತ್ತದೆ, ಶಸ್ತ್ರಚಿಕಿತ್ಸೆಯೂ ಬೇಗ. ನಾನು ಎಲ್ಲರಂತೆ ಸರ್ಕಾರಿ ಆಸ್ಪತ್ರೆಯ ಸರದಿಯಲ್ಲಿ ಕಾದೆ. ಬೇಸಿಗೆಗೆ ಕರೆ ಬಂತು. ತೊಡೆಯ ಹಿಂಭಾಗದಿಂದ ಸ್ನಾಯುರಜ್ಜು ತೆಗೆದು ಮಂಡಿಯೊಳಗೆ ಹೊಸ ಲಿಗಮೆಂಟ್ ಮಾಡಿದರು. ಅವರು ಚೆನ್ನಾಗಿ ನೋಡಿಕೊಂಡರು, ಆ ಬಗ್ಗೆ ನನಗೆ ಕೃತಜ್ಞತೆಯಿದೆ.

ದುಡ್ಡು ಅದಕ್ಕೆ ಮೊದಲೇ ನಿಂತಿತ್ತು. ಗಾಯವಾದ ಮೇಲೆ ಕ್ಲಬ್ ಎರಡು ವಾರ ಕೊಟ್ಟಿತು. ಆಮೇಲೆ ಮ್ಯಾನೇಜರ್ ಫೋನ್ ಮಾಡಿ ಬಜೆಟ್ ಇಲ್ಲ ಎಂದರು. ನನ್ನ ಕೈಯಲ್ಲಿ ಒಪ್ಪಂದ ಇರಲಿಲ್ಲ. ಕೇಳಲು ಏನೂ ಇರಲಿಲ್ಲ. ಗೋದಾಮಿನ ಕೆಲಸವೂ ನಿಂತಿತು, ಒಂದು ಕಾಲಿನಲ್ಲಿ ಪೆಟ್ಟಿಗೆ ಎತ್ತಲಾಗುವುದಿಲ್ಲ. ಮಾರ್ಚಿನಲ್ಲಿ ಒಂದು ಶನಿವಾರ ಪಂದ್ಯ ನೋಡಲು ಬಂದವರ ನಡುವೆ ಬಕೆಟ್ ಹಿಡಿದು ಹುಡುಗರು ದುಡ್ಡು ಎತ್ತಿದರು. ನಾಯಕ ಒಂದು ಲಕೋಟೆ ತಂದುಕೊಟ್ಟ. ಹೆಚ್ಚಿನದು ನಾಣ್ಯ. ಅದರಲ್ಲಿ ಆ ತಿಂಗಳ ನನ್ನ ಖರ್ಚು ನಡೆಯಿತು.

ಶಸ್ತ್ರಚಿಕಿತ್ಸೆಯ ಮಾರನೆಯ ವಾರದ ಕೆಲಸ ಒಂದೇ. ಮಂಡಿಯ ಕೆಳಗೆ ಟವೆಲ್ ಸುತ್ತಿ ಇಟ್ಟು, ತೊಡೆ ಬಿಗಿ ಹಿಡಿದು ಹಿಮ್ಮಡಿಯನ್ನು ಹಾಸಿಗೆಯಿಂದ ಎತ್ತಬೇಕು. ಏಳಲಿಲ್ಲ. ಕಾಲಿಗೆ ಹೇಳಿದರೆ ಕಾಲು ಕೇಳುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಅಮ್ಮ ರಾತ್ರಿ ಪಾಳಿ ಮುಗಿಸಿ ಬಂದು ಸಮವಸ್ತ್ರ ಬಿಚ್ಚದೆ ಪಕ್ಕ ಕೂರುತ್ತಿದ್ದರು.

"ಇನ್ನೊಂದ್ಸಲ ಎತ್ತು."

"ಆಗಲ್ಲಮ್ಮ."

"ನೋವಿಗೆ ಆಗಲ್ಲ ಅಂತಿದ್ಯೋ, ಭಯಕ್ಕೆ ಅಂತಿದ್ಯೋ?"

"ಎರಡೂ."

"ಸರಿ. ಐದು ಎಣಿಸ್ತೀನಿ. ಆಮೇಲೆ ಮಲಗು."

ಐದನೇ ದಿನವೋ ಆರನೇ ದಿನವೋ ಹಿಮ್ಮಡಿ ಎದ್ದಿತು. ಎರಡು ಬೆರಳಿನಷ್ಟು. ಅಮ್ಮ ಏನೂ ಹೇಳದೆ ಹೋಗಿ ಮಲಗಿದರು.

ಒಂದು ವರ್ಷದ ಮೇಲೆ ಮತ್ತೆ ಆಡಿದೆ. ಮಂಡಿ ಗಟ್ಟಿಯಾಗಿತ್ತು. ಆದರೆ ತಿರುಗುವ ಹೊತ್ತಿಗೆ ಅರ್ಧ ಕ್ಷಣ ತಡೆಯುತ್ತಿದ್ದೆ. ಆ ಅರ್ಧ ಕ್ಷಣದಲ್ಲಿ ವಿಂಗರ್ ಹೋಗಿಬಿಡುತ್ತಾನೆ. ಕೋಚ್‌ಗಳು ಇದನ್ನು ಬೇಗ ಕಾಣುತ್ತಾರೆ. ನಾನು ಒಂದು ಮೆಟ್ಟಿಲು ಕೆಳಗಿಳಿದೆ.

2019ರಲ್ಲಿ ಇದ್ದ ಕ್ಲಬ್ಬಿನಲ್ಲಿ ದುಡ್ಡು ತಡವಾಗಿ ಬರತೊಡಗಿತು. ಮೊದಲು ವಾರ ತಡ, ಆಮೇಲೆ ತಿಂಗಳು, ಕೊನೆಗೆ ಬರಲೇ ಇಲ್ಲ. ಬಾಡಿಗೆಗೆ ಅಪ್ಪನಿಂದ ತೆಗೆದುಕೊಂಡೆ. ನನಗೆ ಇಪ್ಪತ್ತೇಳು. ಅಪ್ಪ ಕೇಳುವ ಮೊದಲೇ ಕೊಟ್ಟರು. ಅದು ಮಂಡಿಗಿಂತ ಹೆಚ್ಚು ನೋಯಿತು. ಅದೇ ಆಗಸ್ಟ್ 27ರಂದು ಬರಿ ಎಫ್‌ಸಿಯನ್ನು ಲೀಗಿನಿಂದ ಹೊರಹಾಕಿದರು. 1885ರಲ್ಲಿ ಹುಟ್ಟಿದ ಕ್ಲಬ್, ಎರಡು ಸಲ ಎಫ್‌ಎ ಕಪ್ ಗೆದ್ದದ್ದು. ಕೆಲವೇ ತಿಂಗಳ ಹಿಂದೆ ಲೀಗ್ ಟೂನಿಂದ ಮೇಲೇರಿತ್ತು. ಸಾಲ ತೀರಿಸುವ ದಾರಿ ತೋರಿಸಲಾಗದೆ ಹೋಯಿತು. ಆಟಗಾರರಿಗೆ ತಿಂಗಳುಗಟ್ಟಲೆ ಸಂಬಳ ಸಿಕ್ಕಿರಲಿಲ್ಲ. ಅಪ್ಪ ಸುದ್ದಿ ನೋಡಿ ಟಿವಿ ಆರಿಸಿದರು.

ನನ್ನ ಕೊನೆಯ ಋತು 2019–20. ಕೋವಿಡ್ ಬಂತು. 2020ರ ಮಾರ್ಚ್ 26ರಂದು ಫುಟ್‌ಬಾಲ್ ಅಸೋಸಿಯೇಷನ್ ನಮ್ಮ ಮೆಟ್ಟಿಲಿನ ಮತ್ತು ಅದಕ್ಕಿಂತ ಕೆಳಗಿನ ಲೀಗ್‌ಗಳ ಆ ವರ್ಷದ ಫಲಿತಾಂಶಗಳನ್ನೆಲ್ಲ ಅಳಿಸುವುದಾಗಿ ಪ್ರಕಟಿಸಿತು. ಯಾರೂ ಮೇಲೇರಲಿಲ್ಲ, ಯಾರೂ ಕೆಳಗಿಳಿಯಲಿಲ್ಲ. ನಾನು ಆ ವರ್ಷ ಚೆನ್ನಾಗಿ ಆಡಿದ್ದೆ. ತಿರುಗುವಾಗಿನ ಆ ತಡೆ ಹೋಗಿತ್ತು. ಮೇನಲ್ಲಿ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ.

ಈಗ ಒಂದು ಶಾಲೆಯಲ್ಲಿ ಸಹಾಯಕ ಶಿಕ್ಷಕ. ಭಾನುವಾರ ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ ಆಟ ಹೇಳಿಕೊಡುತ್ತೇನೆ. ಚಳಿಗಾಲದ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಎಡಗೈ ಕಂಬಿ ಹಿಡಿಯುತ್ತದೆ.

ಬೆಂಗಳೂರಿನಿಂದ ಫೋನ್ ಮಾಡುವವರಲ್ಲಿ ಹೆಚ್ಚಿನವರ ಮಗ ಹದಿಮೂರು, ಹದಿನಾಲ್ಕರವನು. ಇಂಗ್ಲೆಂಡಿನ ಕ್ಲಬ್ಬಿನಲ್ಲಿ ಟ್ರಯಲ್ ಕೊಡಿಸುತ್ತೇವೆ ಎಂದು ಯಾರೋ ಲಕ್ಷಗಟ್ಟಲೆ ಕೇಳಿರುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟು. ಹದಿನೆಂಟು ತುಂಬದ ಹುಡುಗನನ್ನು ಬೇರೆ ದೇಶದ ಕ್ಲಬ್ಬಿಗೆ ಸೇರಿಸಲು ಫಿಫಾ ನಿಯಮ ಒಪ್ಪುವುದಿಲ್ಲ. ಕೆಲವೇ ವಿನಾಯಿತಿಗಳಿವೆ. ನನಗೆ ಸಿಕ್ಕಿದ್ದು ಅಮ್ಮ ನರ್ಸ್ ಕೆಲಸಕ್ಕಾಗಿ ಅಲ್ಲಿಗೆ ಹೋದದ್ದರಿಂದ. ಆ ದುಡ್ಡು ಕೊಡಬೇಡಿ. ಮುಂದೆ ಮಗ ದೊಡ್ಡವನಾಗಿ, ಎಲ್ಲಿಯೇ ಆಗಲಿ, ಒಂದು ಕ್ಲಬ್ ಕಾಗದ ಮುಂದಿಟ್ಟರೆ ಸಂಬಳದ ಸಾಲು ಆಮೇಲೆ ನೋಡಿ. ಗಾಯವಾದರೆ ಎಷ್ಟು ವಾರ ದುಡ್ಡು ಬರುತ್ತದೆ, ಚಿಕಿತ್ಸೆಯ ಖರ್ಚು ಯಾರದು ಎಂಬುದನ್ನು ಮೊದಲು ಓದಿ. ಆ ಸಾಲು ಇಲ್ಲದಿದ್ದರೆ ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಸಹಿ ಹಾಕಿಸಬೇಡಿ.