ಮೀಟರಿನ ಮಾತು, ಕಾಕಾ ಅವರ ಷರಾ

ಈ ಬರಹದ ಉದ್ದಕ್ಕೂ ‘ನಾವು’ ಎಂದಿರುವುದನ್ನು ಕಂಡು ವಾಚಕರು ನಮ್ಮನ್ನು ದೊಡ್ಡಸ್ತಿಕೆಯವರೆಂದು ತಿಳಿಯಬಾರದು. ನಾವು ನಿಜವಾಗಿಯೂ ಇಬ್ಬರು. ಒಬ್ಬರು ಧಾರವಾಡದ ಕಡೆಯವರು, ಇನ್ನೊಬ್ಬರು ತೀರ್ಥಹಳ್ಳಿಯ ಕಡೆಯವರು. ಹೊಟ್ಟೆಪಾಡು ಇಬ್ಬರನ್ನೂ ಪುಣೆಗೆ ತಂದು, ಒಂದು ಬ್ಯಾಟರಿ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಎದುರುಬದುರು ಮೇಜುಗಳಲ್ಲಿ ಕೂರಿಸಿತು. ಇಪ್ಪತ್ತೆರಡು ವರ್ಷ ಹಾಗೆಯೇ ಕುಳಿತೆವು. ಒಬ್ಬರು ಚುರುಮುರಿ ಎಂದದ್ದನ್ನು ಇನ್ನೊಬ್ಬರು ಮಂಡಕ್ಕಿ ಎನ್ನುತ್ತಿದ್ದರು. ಪೊಟ್ಟಣ ಮಾತ್ರ ಒಂದೇ. ಈಗ ಇಬ್ಬರೂ ನಿವೃತ್ತರು. ಪತ್ರಿಕೆಗೆ ಏನಾದರೂ ಬರೆಯಿರಿ ಎಂದು ಸಂಘದವರು ಕೇಳಿದಾಗ, ಒಬ್ಬರು ಹೇಳುವುದು, ಇನ್ನೊಬ್ಬರು ಬರೆಯುವುದು, ಜಗಳ ಇಬ್ಬರೂ ಆಡುವುದು ಎಂದು ಒಪ್ಪಂದವಾಯಿತು.

ಬ್ಯಾಟರಿಯ ಸತ್ವಪರೀಕ್ಷೆ ತಾಳ್ಮೆಯ ಕೆಲಸ. ನೂರು ಆಂಪಿಯರ್-ಗಂಟೆಯದೆಂದು ಮೈಮೇಲೆ ಬರೆದುಕೊಂಡ ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಐದು ಆಂಪಿಯರ್ ಪ್ರವಾಹವನ್ನು ಎಡೆಬಿಡದೆ ಸೆಳೆಯಬೇಕು. ಅದು ೨೦ ಗಂಟೆ ತಾಳಿಕೊಂಡು, ಆಮೇಲೆ ೧೦.೫ ವೋಲ್ಟಿಗೆ ಇಳಿದರೆ ಬರೆದದ್ದು ನಿಜ. ಅದಕ್ಕೆ ಮುಂಚೆಯೇ ಇಳಿದರೆ ಬರೆದದ್ದು ಸುಳ್ಳು. ಇಪ್ಪತ್ತು ಗಂಟೆಯೆಂದರೆ ನಡುವೆ ಒಂದು ರಾತ್ರಿ ಬಂದೇ ಬರುತ್ತದೆ. ಆ ರಾತ್ರಿ ಹದಿನೈದು ನಿಮಿಷಕ್ಕೊಮ್ಮೆ ಮೀಟರಿನ ಮುಳ್ಳು ನೋಡಿ ಬರೆಯಲು ಒಬ್ಬ ಮನುಷ್ಯ ಬೇಕು.

ಆ ಮನುಷ್ಯನೇ ಕಾಕಾ. ಸಾತಾರಾ ಕಡೆಯವರು, ಕಾರ್ಖಾನೆಯಲ್ಲಿ ಎಲ್ಲರಿಗೂ ಕಾಕಾ. ಕೆಂಪು ರಟ್ಟಿನ ದಪ್ಪ ಪುಸ್ತಕದಲ್ಲಿ ಅವರು ಮೂರು ಗೆರೆ ಎಳೆಯುತ್ತಿದ್ದರು. ಮೊದಲು ಹೊತ್ತು, ಆಮೇಲೆ ವೋಲ್ಟು, ಕೊನೆಗೆ ‘ಶೇರಾ’. ನಮ್ಮ ಕಚೇರಿಗಳ ದಫ್ತರಗಳಲ್ಲಿ ‘ಷರಾ’ ಎಂದು ಬರೆಯುತ್ತಾರಲ್ಲ, ಅದೇ ಶಬ್ದ. ಆ ಷರಾದಲ್ಲಿ ಏನು ಬೇಕಾದರೂ ಇರುತ್ತಿತ್ತು: ‘ಮಳೆ ಬಂತು’, ‘ಮೂರನೆಯ ಮುಚ್ಚಳದಲ್ಲಿ ನೊರೆ’, ‘ಫ್ಯಾನು ಕಿರಗುಟ್ಟುತ್ತಿದೆ’. ಅದನ್ನು ಓದುವ ಗೋಜಿಗೆ ನಾವು ಎಂದೂ ಹೋದವರಲ್ಲ. ನಮಗೆ ಬೇಕಾದದ್ದು ನಡುವಿನ ಸಾಲು ಮಾತ್ರ.

೧೯೯೭ರಲ್ಲಿ ಕಾರ್ಖಾನೆಗೆ ಒಂದು ಹೊಸ ಮೀಟರು ಬಂತು. ಮುಳ್ಳಿಲ್ಲ, ಹೊಳೆಯುವ ಅಂಕಿಗಳು. ಬೆನ್ನಿನ ಮೇಲೆ ಒಂಬತ್ತು ಸೂಜಿಯ ಒಂದು ಸಾಕೆಟ್ಟು. ಅದಕ್ಕೆ ತಂತಿ ಕಟ್ಟಿ ಕಂಪ್ಯೂಟರಿಗೆ ಜೋಡಿಸಿದರೆ ಎಷ್ಟೋ ದೂರದಿಂದ ಮೀಟರಿಗೆ ಆಜ್ಞೆ ಕೊಡಬಹುದು, ಅಳತೆ ತರಿಸಿಕೊಳ್ಳಬಹುದು ಎಂದು ಜೊತೆಗೆ ಬಂದ ಕೈಪಿಡಿ ಹೇಳಿತು. ‘ಎಷ್ಟೋ ದೂರ’ ಎಂದರೆ ಆ ಪದ್ಧತಿಯಲ್ಲಿ ಹದಿನೈದು ಮೀಟರಿನಷ್ಟು. ಬ್ಯಾಟರಿ ಕೋಣೆಯಿಂದ ನಮ್ಮ ಮೇಜಿಗೆ ಹನ್ನೆರಡು. ಗಂಧಕಾಮ್ಲದ ಹಬೆಗೆ ಕಂಪ್ಯೂಟರನ್ನು ಒಡ್ಡಬಾರದಾದ್ದರಿಂದ ಅದು ನಮ್ಮ ಕಡೆ, ಮೀಟರು ಆ ಕಡೆ, ನಡುವೆ ಗೋಡೆಯ ಮೇಲೆ ತಂತಿ.

ಮೊದಲ ದಿನ ಮೀಟರು ತುಟಿ ಬಿಚ್ಚಲಿಲ್ಲ. ‘ಯಾಕ್ರಿ ರಾಯರ, ಇದು ಮಾತಾಡವಲ್ತಲ್ರಿ?’ ಎಂದು ನಮ್ಮಲ್ಲೊಬ್ಬರು. ‘ಮಾರಾಯ್ರೆ, ಮೊದಲು ತಂತಿ ನೋಡಿ’ ಎಂದು ಇನ್ನೊಬ್ಬರು. ತಂತಿಯಲ್ಲೇ ತಪ್ಪಿತ್ತು. ಈ ಕಡೆಯ ಬಾಯಿ ಆ ಕಡೆಯ ಕಿವಿಗೆ ಸೇರಬೇಕು. ಅಂದರೆ ಎರಡನೆಯ ಸೂಜಿ ಆಚೆಯ ಮೂರನೆಯದಕ್ಕೆ, ಮೂರನೆಯದು ಆಚೆಯ ಎರಡನೆಯದಕ್ಕೆ. ನಾವು ಬಾಯಿಗೆ ಬಾಯಿ, ಕಿವಿಗೆ ಕಿವಿ ಕಟ್ಟಿ ಕುಳಿತಿದ್ದೆವು. ಇಬ್ಬರೂ ಮಾತಾಡುವವರೇ ಆದರೆ ಕೇಳುವವರು ಯಾರು? ‘ನಾನು ಸಿದ್ಧ’ ಎಂದು ಒಬ್ಬರಿಗೊಬ್ಬರು ಕೈಯೆತ್ತಿ ತೋರಿಸುವ ತಂತಿಗಳು ಬೇರೆ. ಆ ಸನ್ನೆ ಕಾಣದಿದ್ದರೆ ನಮ್ಮ ಮೀಟರು ಮರ್ಯಾದಸ್ಥರಂತೆ ಸುಮ್ಮನಿದ್ದುಬಿಡುತ್ತಿತ್ತು.

ತಂತಿ ಅದಲುಬದಲಾದ ಮೇಲೆ ಮಾತು ಬಂತು, ಆದರೆ ಭೂತದ ಮಾತು. ತೆರೆಯ ತುಂಬ ಗೀಚುಗಳು. ವೇಗ ಹೊಂದಿರಲಿಲ್ಲ. ಮೀಟರು ಸೆಕೆಂಡಿಗೆ ೯೬೦೦ರ ವೇಗದಲ್ಲಿ ಹೇಳುತ್ತಿತ್ತು, ಕಂಪ್ಯೂಟರು ೨೪೦೦ರಲ್ಲಿ ಕೇಳುತ್ತಿತ್ತು. ಈ ವೇಗಕ್ಕೆ ‘ಬಾಡ್’ ಎಂಬ ಹೆಸರು ತಂತಿಸಮಾಚಾರದ ಕಾಲದ ಫ್ರೆಂಚ್ ಎಂಜಿನಿಯರ್ ಎಮಿಲ್ ಬೋಡೋ ಅವರಿಂದ ಬಂದದ್ದು. ಒಂದು ಅಕ್ಷರವನ್ನು ಇಡಿಯಾಗಿ ಕಳಿಸದೆ, ಬಾಗಿಲು ಕಿರಿದಾದ ಮದುವೆ ಮಂಟಪಕ್ಕೆ ಬೀಗರನ್ನು ಬಿಡುವಂತೆ, ಒಂದು ಬಿಟ್ಟಿನ ಹಿಂದೆ ಇನ್ನೊಂದನ್ನು ಸಾಲಾಗಿ ಕಳಿಸುವುದೇ ಈ ವಿದ್ಯೆ. ಸಾಲಿಗೆ ಮುಂದೆ ಒಬ್ಬ ‘ಬಂದೆವು’ ಎನ್ನುವವನು, ಹಿಂದೆ ಒಬ್ಬ ‘ಮುಗಿಯಿತು’ ಎನ್ನುವವನು. ತಂತಿಯ ಮೇಲೆ ಮೂರರಿಂದ ಹದಿನೈದರವರೆಗಿನ ಋಣ ವೋಲ್ಟು ಬಂದರೆ ಒಂದು, ಅಷ್ಟೇ ಧನ ವೋಲ್ಟು ಬಂದರೆ ಸೊನ್ನೆ. ಅಮೆರಿಕದಲ್ಲಿ ೧೯೬೦ರಲ್ಲಿ ಈ ಕಟ್ಟಳೆ ಮೊದಲು ಹೊರಟಿತು.

ಇನ್ನೂ ಒಂದು ತೊಡಕಿತ್ತು. ಏಳು ಬಿಟ್ಟುಗಳ ಅಕ್ಷರದ ಜೊತೆಗೆ ಎಂಟನೆಯದಾಗಿ ಒಂದು ಸಾಕ್ಷಿ ಬಿಟ್ಟು. ಎಲ್ಲವನ್ನೂ ಎಣಿಸಿದರೆ ಒಂದುಗಳ ಸಂಖ್ಯೆ ಸಮವಾಗಿರಬೇಕು. ಬೆಸ ಬಂದರೆ ದಾರಿಯಲ್ಲಿ ಏನೋ ಕೆಟ್ಟಿದೆ ಎಂದರ್ಥ. ಹುಣಿಸೆಬೀಜ ಮುಷ್ಟಿಯಲ್ಲಿ ಹಿಡಿದು ಸರಿಯೋ ಬೆಸವೋ ಎಂದು ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡೂ ಕಡೆ ‘ಸರಿ’ ಎಂದು ಒಪ್ಪಿಸಿದೆವು. ಕೊನೆಗೆ, ವಾಕ್ಯ ಮುಗಿಯಿತೆಂಬ ಗುರುತನ್ನು ನಾವು ಕಳಿಸುತ್ತಲೇ ಇರಲಿಲ್ಲವೆಂದು ಗೊತ್ತಾಯಿತು. ಪಾಪ, ಮೀಟರು ‘ಇನ್ನೇನೋ ಹೇಳುತ್ತಾರೆ’ ಎಂದು ಕಾದುಕೊಂಡೇ ಇತ್ತು.

ಮೂರನೆಯ ದಿನ ಸಂಜೆ ಮೊದಲ ಪ್ರಶ್ನೆ ಹಾಕಿದೆವು. ಒಂದು ನಕ್ಷತ್ರ ಚಿಹ್ನೆ, ಐ, ಡಿ, ಎನ್, ಪ್ರಶ್ನಾರ್ಥಕ ಚಿಹ್ನೆ. ಅದರರ್ಥ ‘ನೀವು ಯಾರು?’ ಮರುಗಳಿಗೆಯಲ್ಲಿ ಉತ್ತರ ಬಂತು: ಮಾಡಿದವರ ಹೆಸರು, ಮಾದರಿ, ಕ್ರಮಸಂಖ್ಯೆ, ಒಳಗಿನ ಕಾರ್ಯಕ್ರಮದ ಆವೃತ್ತಿ. ನಡುನಡುವೆ ಅಲ್ಪವಿರಾಮ. ರೈಲಿನಲ್ಲಿ ಕನ್ನಡ ಕಿವಿಗೆ ಬಿದ್ದೊಡನೆ ಯಾವ ಊರು, ಯಾರ ಮನೆಯವರು, ಪುಣೆಗೆ ಬಂದು ಎಷ್ಟು ದಿನವಾಯಿತು ಎಂದು ಕೇಳುತ್ತೇವಲ್ಲ, ಹಾಗೆ. ನಮ್ಮಿಬ್ಬರಿಗೂ ಆದ ಸಂತೋಷ ಅಷ್ಟಿಷ್ಟಲ್ಲ. ಮನೆಗೆ ಹೋಗಿ ಹೇಳಿದರೆ ಇಬ್ಬರ ಮನೆಯವರೂ, ‘ಅದು ಮಾತಾಡಿತು ಅಂತ ಊಟ ಆರಿಸಿಕೊಂಡು ಕೂತಿರೇನು?’ ಎಂದರು.

ಈ ಉಪಕರಣಗಳ ಭಾಷೆಗೂ ಒಂದು ಏಕೀಕರಣದ ಕಥೆಯುಂಟು. ಮೊದಲು ಒಬ್ಬೊಬ್ಬ ತಯಾರಕರದು ಒಂದೊಂದು ಭಾಷೆ. ಹ್ಯೂಲೆಟ್-ಪ್ಯಾಕರ್ಡ್‌ನವರು ತಮ್ಮ ಉಪಕರಣಗಳಿಗೆಂದು ಕಂಡುಕೊಂಡ ಜೋಡಣೆ ೧೯೭೫ರಲ್ಲಿ ಎಲ್ಲರ ಕಟ್ಟಳೆಯಾಯಿತು. ಆದರೆ ತಂತಿ ಒಂದಾದರೂ ನುಡಿ ಒಂದಾಗಲಿಲ್ಲ. ವೋಲ್ಟು ಕೇಳಲು ಇವರ ಮೀಟರಿಗೆ ಒಂದು ಮಾತು, ಅವರ ಮೀಟರಿಗೆ ಇನ್ನೊಂದು. ೧೯೯೦ರಲ್ಲಿ ತಯಾರಕರು ಕೂಡಿ ಎಸ್‌ಸಿಪಿಐ ಎಂಬ ಸಾಮಾನ್ಯ ಭಾಷೆಯನ್ನು ಗೊತ್ತು ಮಾಡಿದರು. ಬಲ್ಲವರ ಬಾಯಲ್ಲಿ ಅದು ‘ಸ್ಕಿಪಿ’. ೧೯೫೬ಕ್ಕೆ ಮುಂಚೆ ಮುಂಬಯಿ ಕರ್ನಾಟಕದವರ ಕಾಗದಪತ್ರ ಒಂದು ಬಗೆ, ಮೈಸೂರಿನವರದು ಒಂದು ಬಗೆ ಇತ್ತೆಂದು ಹಿರಿಯರಿಂದ ಕೇಳಿದ್ದ ನಮಗೆ ಇದು ಅಪರಿಚಿತವೆನಿಸಲಿಲ್ಲ.

ಆ ಭಾಷೆಯಲ್ಲಿ ‘ಸಿಸ್ಟಂ, ರಿಮೋಟ್’ ಎಂದು ಹೇಳಿದರೆ ಮೀಟರು ಎದುರಿಗಿದ್ದವರ ಕೈಗೆ ಬಗ್ಗುವುದಿಲ್ಲ; ‘ಲೋಕಲ್’ ಗುಂಡಿಯೊಂದನ್ನು ಬಿಟ್ಟರೆ ಉಳಿದವು ಒತ್ತಿದರೂ ಕೇಳುವುದಿಲ್ಲ. ‘ಮೆಷರ್, ವೋಲ್ಟೇಜ್, ಡಿಸಿ’ ಎಂದು ಬರೆದು ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಅಳತೆ ಬರುತ್ತದೆ. ಆ ಚಿಹ್ನೆ ಮರೆತರೆ ಉತ್ತರವಿಲ್ಲ. ಕಾಗುಣಿತ ತಪ್ಪಿದರೆ ಒಂದು ಸಲ ‘ಕೀಂ’ ಎಂದು, ತಪ್ಪನ್ನು ಒಳಗೆ ಬರೆದಿಟ್ಟುಕೊಳ್ಳುತ್ತದೆ. ‘ಸಿಸ್ಟಂ, ಎರರ್’ ಎಂದು ನಾವಾಗಿ ಕೇಳಿದರೆ ಋಣ ೧೧೩, ಅಂದರೆ ‘ಇಂಥ ಮಾತು ನನಗೆ ತಿಳಿಯದು’ ಎಂದು ಒಪ್ಪಿಸುತ್ತದೆ. ತಪ್ಪಿಲ್ಲದಿದ್ದರೆ ಸೊನ್ನೆ, ‘ತಪ್ಪೇನೂ ಇಲ್ಲ’.

ಬೇಸಿಕ್ ಭಾಷೆಯಲ್ಲಿ ಹತ್ತಿಪ್ಪತ್ತು ಸಾಲು ಬರೆದು, ನಿಮಿಷಕ್ಕೊಮ್ಮೆ ವೋಲ್ಟು, ಗಂಟೆಗೊಮ್ಮೆ ‘ಏನಾದರೂ ತಪ್ಪುಂಟೆ?’ ಎಂದು ಕೇಳುವಂತೆ ಮಾಡಿದೆವು. ಕಾಕಾ ಹದಿನೈದು ನಿಮಿಷಕ್ಕೆ ಒಂದು ಸಾಲು ಬರೆಯುತ್ತಿದ್ದಲ್ಲಿ ಈಗ ಹದಿನೈದು ಸಾಲು. ನಿದ್ದೆಯಿಲ್ಲ, ಬೇಸರವಿಲ್ಲ. ಮೇಲಿನವರು ಬಂದು ನೋಡಿ ಮೆಚ್ಚಿದರು. ಮೆಚ್ಚಿ, ಇನ್ನು ರಾತ್ರಿ ಆಳು ಬೇಡವೆಂದರು. ಕಾಕಾ ಅವರನ್ನು ಹಗಲು ಪಾಳಿಗೆ, ಉಗ್ರಾಣಕ್ಕೆ ಹಾಕಿದರು. ರಾತ್ರಿಯ ಭತ್ಯೆ ನಿಂತಿತು. ಅವರ ಮಗಳು ಆ ವರ್ಷ ಹತ್ತನೆಯ ತರಗತಿ. ‘ಇರಲಿ ಸಾಹೇಬ, ನಿದ್ದೆಯಾದರೂ ಸಿಕ್ಕಿತು’ ಎಂದರು ಕಾಕಾ. ಕೆಂಪು ಪುಸ್ತಕವನ್ನು ನಮ್ಮ ಮೇಜಿನ ಮೇಲಿಟ್ಟು ಹೋದರು. ನಾವು ಅದನ್ನು ಕಪಾಟಿಗೆ ಸೇರಿಸಿದೆವು. ಮನಸ್ಸಿಗೆ ಕಸಿವಿಸಿಯಾಗಲಿಲ್ಲವೆಂದರೆ ಸುಳ್ಳಾದೀತು. ಬಾಯಿಬಿಟ್ಟು ಯಾರ ಹತ್ತಿರವಾದರೂ ಹೇಳಿದೆವೆಂದರೂ ಸುಳ್ಳೇ.

೧೯೯೮ರ ಮಳೆಗಾಲ. ಸತ್ವಪರೀಕ್ಷೆ ಮುಗಿದ ಒಂದು ಬ್ಯಾಟರಿಯನ್ನು ಮತ್ತೆ ತುಂಬಿಸಲು ೧೪.೪ ವೋಲ್ಟಿನ ಚಾರ್ಜರಿಗೆ ಕಟ್ಟಿ, ಕಂಪ್ಯೂಟರಿಗೆ ಕಾವಲು ಒಪ್ಪಿಸಿ ಮನೆಗೆ ಹೋದೆವು. ಬೆಳಿಗ್ಗೆ ಬಂದು ನೋಡಿದರೆ ಬ್ಯಾಟರಿ ಕೋಣೆಯ ಬಾಗಿಲು ಕಿಟಕಿಗಳೆಲ್ಲ ಹಾರುಹೊಡೆದಿವೆ, ಕೋಣೆಗೆ ಕರೆಂಟಿಲ್ಲ, ಮೆಟ್ಟಿಲ ಮೇಲೆ ಕಾಕಾ ಕೂತಿದ್ದಾರೆ. ‘ವಾಸ ಯೇತ್ ಹೋತಾ, ಸಾಹೇಬ’ ಎಂದರು.

ಹಗಲು ಪಾಳಿ ಏಳಕ್ಕೆ. ಹಳೆಯ ಅಭ್ಯಾಸದಿಂದ ಅವರು ಐದೂವರೆಗೇ ಬಂದಿದ್ದರು. ಕೊಳೆತ ಮೊಟ್ಟೆಯ ವಾಸನೆ ಹೊರಗಿನವರೆಗೂ ಬರುತ್ತಿತ್ತು. ಒಳಗೆ ಕತ್ತಲು. ಆದರೆ ದೀಪದ ಗುಂಡಿಗೆ ಕೈ ಹಾಕಲಿಲ್ಲ. ನೇರವಾಗಿ ಹೊರಗಿನ ಮುಖ್ಯ ಫಲಕಕ್ಕೆ ಹೋಗಿ ಕೋಣೆಯ ಕರೆಂಟು ತೆಗೆದು, ಆಮೇಲೆ ಒಂದೊಂದೇ ಕಿಟಕಿ ತೆರೆದರು. ತುಂಬುವ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೆ ಒಂದು ಕಿಡಿ ಸಾಕು. ಗಾಳಿ ಹೊರದೂಡುವ ಫ್ಯಾನಿನ ಮೋಟಾರು ಆ ರಾತ್ರಿ ಸುಟ್ಟುಹೋಗಿತ್ತು. ಬ್ಯಾಟರಿಯ ಪಕ್ಕೆ ಮುಟ್ಟಿದರೆ ಇನ್ನೂ ಬಿಸಿ, ಉಬ್ಬಿಕೊಂಡಿತ್ತು.

ನಾವು ಓಡಿಹೋಗಿ ಕಂಪ್ಯೂಟರಿನಲ್ಲಿ ರಾತ್ರಿಯ ಲೆಕ್ಕ ನೋಡಿದೆವು. ೧೪.೪, ೧೪.೪, ೧೪.೪. ಗಂಟೆಗೊಮ್ಮೆ ‘ತಪ್ಪೇನೂ ಇಲ್ಲ’. ಕಾಕಾ ಕರೆಂಟು ತೆಗೆದ ಹೊತ್ತಿಗೆ ಸಾಲು ನಿಂತಿತ್ತು, ಅಷ್ಟೆ.

ಮೀಟರು ಸುಳ್ಳು ಹೇಳಿರಲಿಲ್ಲ. ಬ್ಯಾಟರಿಯ ಆರು ಕೋಶಗಳಲ್ಲಿ ಒಂದು ಒಳಗೇ ಶಾರ್ಟಾಗಿ ಸತ್ತುಹೋಗಿತ್ತು. ಆರಕ್ಕೆ ಹಂಚಬೇಕಾದ ೧೪.೪ ವೋಲ್ಟು ಐದರ ಮೇಲೆ ಬಿತ್ತು, ಒಂದೊಂದಕ್ಕೆ ೨.೪ ಇರಬೇಕಾದದ್ದು ೨.೮೮ ಆಯಿತು. ಅವು ಕುದಿದವು, ಕಾದವು. ಕಾದಷ್ಟೂ ಹೆಚ್ಚು ಪ್ರವಾಹ ಎಳೆದವು. ವೋಲ್ಟನ್ನು ಮಾತ್ರ ಚಾರ್ಜರು ತನ್ನ ಧರ್ಮದಂತೆ ೧೪.೪ರಲ್ಲೇ ಹಿಡಿದು ನಿಲ್ಲಿಸಿತ್ತು. ಬದಲಾಗುತ್ತಿದ್ದದ್ದು ಪ್ರವಾಹ ಮತ್ತು ಕಾವು. ನಾವು ರಾತ್ರಿಯಿಡೀ ಕೇಳುತ್ತಿದ್ದದ್ದು, ಏನಾದರೂ ಬದಲಾಗದ ವೋಲ್ಟನ್ನು. ಎರಡು ಗಂಟೆಯ ಸುಮಾರಿಗೆ ಒಂದೇ ಒಂದು ನಿಮಿಷ ಅಂಕಿ ೧೪.೨ಕ್ಕೆ ಇಳಿದು ಮತ್ತೆ ಏರಿತ್ತು. ಕೋಶ ಸತ್ತ ಗಳಿಗೆ ಅದು. ಕಾಕಾ ಇದ್ದಿದ್ದರೆ ಆ ಸಾಲಿನ ಎದುರು ಒಂದು ಷರಾ ಬಿದ್ದಿರುತ್ತಿತ್ತು, ಒಂದು ಕೈ ಬ್ಯಾಟರಿಯ ಪಕ್ಕೆ ಮುಟ್ಟಿರುತ್ತಿತ್ತು.

ಅಂದು ಮಧ್ಯಾಹ್ನ ಕೆಂಪು ಪುಸ್ತಕವನ್ನು ಕಪಾಟಿನಿಂದ ತೆಗೆದು ಮೊದಲ ಬಾರಿಗೆ ಕೊನೆಯ ಅಂಕಣವನ್ನು ಓದಿದೆವು. ಮೂರು ವರ್ಷದ ಷರಾಗಳಲ್ಲಿ ಫ್ಯಾನು ಹದಿನೇಳು ಸಲ ಬಂದಿತ್ತು. ನೊರೆ, ವಾಸನೆ, ಬಿಸಿ ಎಲ್ಲವೂ ಇದ್ದವು. ನಮ್ಮ ಕಾರ್ಯಕ್ರಮ ಏನು ಕೇಳಬೇಕಾಗಿತ್ತೆಂಬುದು ಅಲ್ಲಿ ಮರಾಠಿಯಲ್ಲಿ ಬರೆದಿತ್ತು. ಮುಂದಿನ ತಿಂಗಳಲ್ಲಿ ಪ್ರವಾಹಕ್ಕೆ ಇನ್ನೊಂದು ಮೀಟರು, ಬ್ಯಾಟರಿಯ ಮೈಗೆ ಒಂದು ಉಷ್ಣಮಾಪಕ, ಫ್ಯಾನು ತಿರುಗುತ್ತಿದೆಯೆ ಎಂದು ಹೇಳುವ ಒಂದು ಸ್ವಿಚ್ಚು, ಕಾವು ಮಿತಿಮೀರಿದರೆ ಚಾರ್ಜರನ್ನು ಬಿಡಿಸುವ ಒಂದು ರಿಲೇ ಬಂದವು. ನಾವಿಬ್ಬರೂ ಮೇಲಿನವರಿಗೆ ಒಂದು ಕಾಗದ ಬರೆದೆವು. ತಪ್ಪು ಯಂತ್ರದ್ದಲ್ಲ, ನಮ್ಮದು. ರಾತ್ರಿ ಒಂದು ಸುತ್ತು ಬರಲು ಮನುಷ್ಯ ಬೇಕೇ ಬೇಕು ಎಂದು. ಒಂದು ವರ್ಷ ಮುಂಚೆ ಬರೆಯಬೇಕಾಗಿದ್ದ ಕಾಗದ ಅದು. ಕಾಕಾ ರಾತ್ರಿಗೆ ಮರಳಿದರು, ಭತ್ಯೆಯೂ ಮರಳಿತು. ನಡುವೆ ಕಳೆದ ಹನ್ನೊಂದು ತಿಂಗಳಿನದು ಮಾತ್ರ ಮರಳಲಿಲ್ಲ.

ಈಗಿನ ಕಂಪ್ಯೂಟರುಗಳಲ್ಲಿ ಆ ಒಂಬತ್ತು ಸೂಜಿಯ ಸಾಕೆಟ್ಟು ಕಾಣುವುದೇ ಅಪರೂಪ. ನಡುವೆ ಯುಎಸ್‌ಬಿಯ ಒಂದು ತುಂಡು ಹಾಕಬೇಕು. ನಕ್ಷತ್ರ ಹಾಕಿ ‘ನೀವು ಯಾರು?’ ಎಂದು ಕೇಳುವುದು ಮಾತ್ರ ಹಾಗೆಯೇ ಉಳಿದಿದೆ.

ಆ ದಿನಗಳಲ್ಲಿ ನಮ್ಮಿಬ್ಬರ ಮನೆಯಲ್ಲೂ ಭಾನುವಾರ ಬೆಳಿಗ್ಗೆ ಊರಿಗೆ ಫೋನು ಮಾಡುವ ಪದ್ಧತಿ. ಒಬ್ಬರಿಗೆ ಅವ್ವ, ಇನ್ನೊಬ್ಬರಿಗೆ ಅಮ್ಮ. ಪ್ರಶ್ನೆ ಉತ್ತರ ಒಂದೇ. ‘ಊಟ ಆಯಿತೆ?’ ‘ಆಯಿತು.’ ‘ಆರೋಗ್ಯವೆ?’ ‘ಏನೂ ತೊಂದರೆ ಇಲ್ಲ.’ ಬ್ಯಾಟರಿ ಪ್ರಸಂಗವಾದ ವಾರ ತೀರ್ಥಹಳ್ಳಿಯ ಅಮ್ಮನನ್ನು, ‘ಹಿತ್ತಲಿನ ಮಲ್ಲಿಗೆ ಈಗಲೂ ನೀನೇ ಬಿಡಿಸುತ್ತೀಯಾ?’ ಎಂದು ಕೇಳಿದ್ದಾಯಿತು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಇಲ್ಲಪ್ಪ, ಮೆಟ್ಟಿಲು ಇಳಿಯೋಕ್ಕೆ ಆಗೋದಿಲ್ಲ, ಮೂರು ತಿಂಗಳಾಯ್ತು’ ಎಂದರು. ಮುಂದಿನ ರೈಲಿಗೇ ಊರಿಗೆ ಹೋಗಿ ನೋಡಿದರೆ ಮೊಣಕಾಲು ಊದಿ ಕುಂಬಳಕಾಯಿಯಾಗಿತ್ತು. ಪಕ್ಕದ ಮನೆಯ ಕಮಲಕ್ಕ ದಿನಾ ಎರಡು ಹೊತ್ತು ಬಂದು ಹೋಗುತ್ತಿದ್ದರಂತೆ. ಅವರಿಗೆ ಎಲ್ಲವೂ ಗೊತ್ತಿತ್ತು. ಅವರನ್ನು ನಾವು ಕೇಳಿಯೇ ಇರಲಿಲ್ಲ.

ಅಂದಿನಿಂದ ಭಾನುವಾರದ ಫೋನು ಎರಡಾದವು. ಎರಡನೆಯದು ಕಮಲಕ್ಕನಿಗೆ.