ನೀರಿಗಿಳಿಯುವ ಮುನ್ನ



ನಿಮ್ಮಲ್ಲಿ ಅನೇಕರು ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತನಾಡಿದರೂ ಓದುವಾಗ ತಡವರಿಸುತ್ತೀರೆಂದು ನನಗೆ ಗೊತ್ತು. ಈ ಲೇಖನ ಓದಲು ತ್ರಾಸವಾದರೆ ಅಮ್ಮನಿಂದ ಓದಿಸಿಕೊಳ್ಳಿ. ಹಾಗಾದರೆ ಇನ್ನೂ ಒಳ್ಳೆಯದು. ಇಲ್ಲಿರುವ ಅರ್ಧದಷ್ಟು ಮಾತು ಅವರಿಗೂ ಸೇರಿದ್ದು.

ಮಳೆಗಾಲ ಬಂತೆಂದರೆ ಮುಂಬಯಿಯ ಹುಡುಗರ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಲೋಣಾವಳ, ಕರ್ಜತ್, ಅಲಿಬಾಗ್, ಯಾವುದೂ ಆಗದಿದ್ದರೆ ಹತ್ತಿರದ ಸಮುದ್ರ ತೀರ. ಹೋಗಬೇಡಿ ಎಂದು ಹೇಳಲು ನಾನು ಕುಳಿತಿಲ್ಲ. ನಾನು ತೀರ್ಥಹಳ್ಳಿಯ ಕಡೆಯವಳು, ತುಂಗೆಯ ದಡದಲ್ಲಿ ಬೆಳೆದವಳು. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಸಿಕೊಂಡು ಈಜು ಕಲಿತವಳು. ಆದರೆ ನಮಗೆ ಅಲ್ಲಿ ಅಜ್ಜಂದಿರಿದ್ದರು. "ಈ ಬಂಡೆಯಿಂದಾಚೆ ಮಡು, ಅಲ್ಲಿ ಸುಳಿ, ಕೆಂಪು ನೀರು ಬಂದಮೇಲೆ ಯಾರೂ ಇಳಿಯಕೂಡದು" ಎಂದು ಅವರು ಹೇಳಿದ ಮೇಲೆ ಮುಗಿಯಿತು, ಎರಡನೆಯ ಮಾತಿಲ್ಲ. ನೀವು ಹೋಗುವ ನೀರಿನ ದಡದಲ್ಲಿ ನಿಮ್ಮ ಅಜ್ಜ ಇರುವುದಿಲ್ಲ. ಬದಲಿಗೆ ಚೀಲದೊಳಗೆ ಬಾಟಲಿ ಇರುತ್ತದೆ.

ಮುಖ ಸಿಂಡರಿಸಬೇಡಿ. ನಮ್ಮ ಮನೆಗಳಲ್ಲಿ ಈ ಮಾತನ್ನು ಯಾರೂ ಆಡುವುದಿಲ್ಲ, ಅದಕ್ಕೇ ನಾನು ಆಡುತ್ತಿದ್ದೇನೆ.

2014ರ ಜೂನ್ 8ರಂದು ಹಿಮಾಚಲ ಪ್ರದೇಶದ ಬಿಯಾಸ್ ನದಿಯಲ್ಲಿ ಹೈದರಾಬಾದಿನ 24 ಮಂದಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿ ಹೋದರು. ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಮಕ್ಕಳು ನದಿಯ ಕಲ್ಲುಗಳ ಮೇಲೆ ನಿಂತು ಫೋಟೋ ತೆಗೆಯುತ್ತಿದ್ದರು. ಮರುದಿನ ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಿದ್ದ ನನ್ನ ಮಗನಿಗೆ ಆ ಸುದ್ದಿಯನ್ನು ಗಟ್ಟಿಯಾಗಿ ಓದಿ ಹೇಳಿದೆ. "ನೋಡು, ನದಿಯ ಹತ್ತಿರ ಹೋಗಬೇಡ" ಎಂದೆ. ಅವನಿಗೆ ಆಗ ಹತ್ತೊಂಬತ್ತು. "ಆಯ್ತಮ್ಮ" ಎಂದ. ಸಮುದ್ರದ ಮಾತನ್ನು ನಾನು ಎತ್ತಲಿಲ್ಲ, ಬಿಯರಿನ ಮಾತನ್ನಂತೂ ಎತ್ತಲೇ ಇಲ್ಲ. ನಮ್ಮ ಮನೆಯಲ್ಲಿ ಆ ಶಬ್ದಕ್ಕೇ ಪ್ರವೇಶವಿರಲಿಲ್ಲ.

ಸುಮಾರು ಒಂದು ತಿಂಗಳಾಗಿತ್ತು. ಗುರುಪೂರ್ಣಿಮೆಯ ಮರುದಿನ, ಭಾನುವಾರ. ಕಾಲೇಜಿನ ಲೈಬ್ರರಿಗೆ ಎಂದು ಹೇಳಿ ಹೋದವನು ಮೂವರು ಗೆಳೆಯರೊಂದಿಗೆ ಸಮುದ್ರಕ್ಕೆ ಹೋಗಿದ್ದ. ಅವರಲ್ಲಿ ಒಬ್ಬ ನಮ್ಮದೇ ಕಟ್ಟಡದ ಮೂರನೆಯ ಮಾಳಿಗೆಯ ಹುಡುಗ. ನಮ್ಮ ಮನೆಯಲ್ಲಿ ದೋಸೆ ಹೊಯ್ದರೆ ವಾಸನೆ ಹಿಡಿದು ಇಳಿದು ಬರುತ್ತಿದ್ದವನು, ನನ್ನನ್ನು "ಕಾಕೂ" ಎನ್ನುತ್ತಿದ್ದವನು. ಮಹಾರಾಷ್ಟ್ರದಲ್ಲಿ ಬಿಯರ್ ಕುಡಿಯಲು 21, ವಿಸ್ಕಿ ರಮ್ಮುಗಳಿಗೆ 25 ವರ್ಷ ತುಂಬಿರಬೇಕು ಎಂದು ಕಾನೂನಿದೆ. ಅಂಗಡಿಯವನು ಕೇಳಲಿಲ್ಲ, ಇವರು ಹೇಳಲಿಲ್ಲ. ಮೂವರು ಕುಡಿದರು. ನನ್ನ ಮಗ ಕುಡಿಯಲಿಲ್ಲ.

ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸಮುದ್ರದ ಭರತವೂ ದೊಡ್ಡದು, ಇಳಿತವೂ ದೊಡ್ಡದು. ಅಂದು ಮಧ್ಯಾಹ್ನದ ಭರತ ಮುಗಿದು ನೀರು ಹಿಂದೆ ಸರಿಯುತ್ತಿದ್ದ ಹೊತ್ತು. ನೋಡುವವರಿಗೆ ಸಮುದ್ರ ಶಾಂತವಾಗಿದೆ, ದೂರ ಹೋಗುತ್ತಿದೆ ಎನಿಸುತ್ತದೆ. ಹೋಗುವಾಗ ಅದು ಕಾಲ ಕೆಳಗಿನ ಮರಳನ್ನೂ ಒಯ್ಯುತ್ತದೆ. ನಿನ್ನೆ ಸಮತಟ್ಟಾಗಿದ್ದ ಜಾಗದಲ್ಲಿ ಇಂದು ಗುಂಡಿ. ಆ ಹುಡುಗ ಸೊಂಟದವರೆಗಿನ ನೀರಿನಲ್ಲಿ ಇದ್ದನಂತೆ. ಒಂದು ಹೆಜ್ಜೆ ಹಿಂದೆ ಇಟ್ಟ, ಅಷ್ಟೇ.

ಅವನು ಕೂಗಲಿಲ್ಲ. ಇದನ್ನು ದಯವಿಟ್ಟು ನೆನಪಿಡಿ. ಸಿನಿಮಾದಲ್ಲಿ ಮುಳುಗುವವರು ಕೈ ಬೀಸಿ "ಬಚಾವ್" ಎಂದು ಕಿರುಚುತ್ತಾರೆ. ನಿಜವಾಗಿ ಮುಳುಗುವವನಿಗೆ ಉಸಿರೆಳೆಯುವುದಕ್ಕೇ ಪುರುಸೊತ್ತಿಲ್ಲದಾಗ ಕೂಗುವುದೆಲ್ಲಿ ಬಂತು? ತಲೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಉಳಿದವರು ಅವನು ಆಟವಾಡುತ್ತಿದ್ದಾನೆ ಎಂದು ನಗುತ್ತಿದ್ದರಂತೆ. ನನ್ನ ಮಗ ಎದೆಮಟ್ಟದ ನೀರಿನವರೆಗೆ ಓಡಿ, ತನ್ನ ಕಾಲೂ ಜಾರಿದಾಗ ಹಿಂದೆ ಬಂದು ಕೋಳಿ ಮೀನುಗಾರರನ್ನು ಕರೆತಂದ. ಅವರು ಹೊರಗೆ ತರುವ ಹೊತ್ತಿಗೆ ತಡವಾಗಿತ್ತು.

ಆ ರಾತ್ರಿಯ ವಿಷಯ ಬರೆಯಲಾರೆ. ಒಂದನ್ನು ಮಾತ್ರ ನಾಚಿಕೆಯಿಂದ ಹೇಳುತ್ತೇನೆ. ಪೊಲೀಸ್ ಚೌಕಿಯಲ್ಲಿ ನನ್ನ ಮನಸ್ಸಿಗೆ ಮೊದಲು ಬಂದದ್ದು "ಸದ್ಯ, ನನ್ನ ಮಗ ಕುಡಿದಿರಲಿಲ್ಲ" ಎಂಬ ಸಮಾಧಾನ. ನೆಂಟರಿಷ್ಟರಿಗೂ ಹಾಗೆಯೇ ಹೇಳಿಕೊಂಡೆ.

ನಾಲ್ಕು ತಿಂಗಳಾದ ಮೇಲೆ ಒಂದು ದಿನ ಮಗನೇ ಬಾಯಿಬಿಟ್ಟ. "ಅಮ್ಮ, ನೀನು ಎಲ್ಲರ ಹತ್ತಿರ ಹಾಗೆ ಹೇಳಬೇಡ. ನಾನು ಕುಡಿದಿರಲಿಲ್ಲ, ಅದಕ್ಕೇ ನಾನು ತಡೀಬೇಕಿತ್ತು. ಅವನ ಕಾಲು ತೂರಾಡ್ತಿದ್ದದ್ದು ನನಗೆ ಕಾಣಿಸ್ತಿತ್ತು. ಬೇಡ ಅಂದ್ರೆ ಮಜಾ ಕೆಡಿಸ್ತೀಯ ಅಂತ ನಗ್ತಾರೆ ಅಂತ ಸುಮ್ಮನಿದ್ದೆ." ಸ್ವಲ್ಪ ಹೊತ್ತು ಬಿಟ್ಟು, "ನಿನಗೆ ಫೋನ್ ಮಾಡೋಣ ಅನ್ನಿಸಿತ್ತು. ಆದರೆ ಎಲ್ಲಿದ್ದೀಯ ಅಂತ ಕೇಳ್ತಿದ್ದೆ" ಎಂದ. ನಾನು ಅಕ್ಕಿ ಆರಿಸುತ್ತಿದ್ದೆ. ಮೊರವನ್ನು ಕೆಳಗಿಡಲೂ ಆಗಲಿಲ್ಲ.

ನಮ್ಮ ಡಾಕ್ಟರರನ್ನು ಆಮೇಲೆ ನಾನು ಕೇಳಿದೆ, ಎರಡು ಬಾಟಲಿ ಬಿಯರಿನಿಂದ ಅಂಥದ್ದೇನಾಗುತ್ತದೆ ಎಂದು. "ಕುಡಿದವನಿಗೆ ಮೊದಲು ಹೋಗುವುದು ಕಾಲಿನ ಶಕ್ತಿಯಲ್ಲ, ಅಂಜಿಕೆ" ಎಂದರು ಅವರು. ಆಮೇಲೆ ಕೈಕಾಲು ಮನಸ್ಸಿನ ಮಾತನ್ನು ತಡವಾಗಿ ಕೇಳುತ್ತವೆ. ಸಮತೋಲ ಕಾಯುವ ಒಳಕಿವಿಯೂ ಕೆಡುವುದರಿಂದ ತಲೆ ನೀರಿನೊಳಗೆ ಹೋದಾಗ ಮೇಲೆ ಯಾವುದು ಕೆಳಗೆ ಯಾವುದು ತಿಳಿಯದೆ ಹೋಗಬಹುದು. ಮೈ ಬಿಸಿಯಾದಂತೆ ಅನ್ನಿಸಿದರೂ ಒಳಗಿನ ಶಾಖ ಚರ್ಮದ ದಾರಿಯಾಗಿ ಹೊರಗೆ ಹೋಗುತ್ತಿರುತ್ತದೆ. ಲಿಂಬು ಶರಬತ್ತು, ಕಾಫಿ, ಮುಖಕ್ಕೆ ತಣ್ಣೀರು, ಇವು ಯಾವುವೂ ಅಮಲನ್ನು ಬೇಗ ಇಳಿಸುವುದಿಲ್ಲ. ಒಂದು ಪೆಗ್ಗಿನಷ್ಟನ್ನು ಕರಗಿಸಲು ದೇಹಕ್ಕೆ ಸುಮಾರು ಒಂದು ಗಂಟೆ ಬೇಕು, ಒಂದು ದೊಡ್ಡ ಬಾಟಲಿ ಬಿಯರಿಗೆ ಅದಕ್ಕಿಂತ ಹೆಚ್ಚು. ಆದ್ದರಿಂದ ಕುಡಿದವನಿಗೆ ಆ ದಿನದ ಮಟ್ಟಿಗೆ ನೀರು ಮುಗಿಯಿತು. ಈಜಿನಲ್ಲಿ ಪದಕ ಗೆದ್ದವನಾದರೂ ಸರಿ.

ಕುಡಿಯದವರನ್ನೂ ನೀರು ಬಿಡುವುದಿಲ್ಲವಲ್ಲ ಎನ್ನುತ್ತೀರಾ? ನಿಜ. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಬಳಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿ ಹೋದರು, ಅವರಲ್ಲಿ ಮಕ್ಕಳೇ ಹೆಚ್ಚು. ಬಾಟಲಿಯ ಗೊಡವೆಯೇ ಇಲ್ಲದ ಮಂದಿ. ಎಚ್ಚರವಾಗಿದ್ದವರನ್ನೇ ನೀರು ಹೀಗೆ ಒಯ್ದರೆ, ಅಂಜಿಕೆಯನ್ನು ದಡದಲ್ಲಿ ಕಳಚಿಟ್ಟು ಇಳಿದವನ ಗತಿ ಏನು?

ನಾಲ್ವರು ಹೊರಟರೆ ಒಬ್ಬರು ಕುಡಿಯದವರಿರಲಿ, ಆದರೆ ಕುಡಿಯದಿದ್ದರೆ ಸಾಲದು, ಅವರ ಮಾತು ನಡೆಯಬೇಕು. ಅದನ್ನು ರೈಲು ಹತ್ತುವ ಮೊದಲೇ ನಿಮ್ಮನಿಮ್ಮಲ್ಲಿ ಒಪ್ಪಿಕೊಳ್ಳಿ. ಅಲ್ಲಿಗೆ ಹೋದಮೇಲೆ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ. ಭರತ ಇಳಿತದ ವೇಳೆಯನ್ನು ಅಲ್ಲಿನ ಮೀನುಗಾರರನ್ನೋ ಜೀವರಕ್ಷಕರನ್ನೋ ಕೇಳಿ, ಕೆಂಪು ಬಾವುಟ ಇದ್ದರೆ ಫೋಟೋಕ್ಕಾಗಿಯೂ ಇಳಿಯಬೇಡಿ. ಸೆಳವಿಗೆ ಸಿಕ್ಕರೆ ಅದಕ್ಕೆ ಎದುರಾಗಿ ದಡದತ್ತ ಈಜಿ ಸುಸ್ತಾಗಬೇಡಿ. ಮೈ ತೇಲಿಸಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಆಮೇಲೆ ದಡಕ್ಕೆ ತಿರುಗಿ. ಗೆಳೆಯ ಮುಳುಗುತ್ತಿದ್ದರೆ ಹಾರಬೇಡಿ. ಹಗ್ಗ, ದುಪಟ್ಟಾ, ಮುಚ್ಚಳ ಬಿಗಿದ ಖಾಲಿ ಕ್ಯಾನು, ಏನು ಸಿಕ್ಕರೆ ಅದನ್ನು ಎಸೆದು, ಜನರನ್ನು ಕೂಗಿ, 112ಕ್ಕೆ ಫೋನ್ ಮಾಡಿ. ಮುಳುಗುವವನು ಸಿಕ್ಕಿದ್ದನ್ನು ಅಪ್ಪಿಕೊಳ್ಳುತ್ತಾನೆ, ಬಿಡುವುದಿಲ್ಲ.

ಇನ್ನು ಈ ಲೇಖನವನ್ನು ಓದಿ ಹೇಳುತ್ತಿರುವ ಅಮ್ಮಂದಿರೇ, ಮಗ ನಿಜ ಹೇಳಿದ ದಿನ ಬಯ್ಯಬೇಡಿ. ಮರುದಿನ ಬೇಕಾದರೆ ಬಯ್ಯಿರಿ.

ಆ ಹುಡುಗನ ತಾಯಿ ಇಂದಿಗೂ ಲಿಫ್ಟಿನಲ್ಲಿ ಸಿಗುತ್ತಾರೆ. ಮಗನ ಕೆಲಸ ಹೇಗಿದೆ, ಮದುವೆ ಯಾವಾಗ ಎಂದು ಕೇಳುತ್ತಾರೆ. ಮೂರನೆಯ ಮಾಳಿಗೆ ಬರುವವರೆಗೆ ನಾನು ಏನೋ ಒಂದು ಉತ್ತರ ಹೇಳುತ್ತಿರುತ್ತೇನೆ.

ಮಗ ಈಗ ಪುಣೆಯಲ್ಲಿದ್ದಾನೆ. ಆಫೀಸಿನವರೊಂದಿಗೆ ಪ್ರವಾಸಕ್ಕೆ ಹೊರಟರೆ ಫೋನ್ ಮಾಡುತ್ತಾನೆ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ. "ಇವತ್ತು ದಡದಲ್ಲಿ ಕೂರೋರು ಯಾರು?"

"ನಾನೇ ಅಮ್ಮ" ಎನ್ನುತ್ತಾನೆ. ಪ್ರತಿ ಸಲವೂ ಅವನೇ.